ಮನೆಯಲ್ಲಿ ಪಿಯಾನೊ ಧ್ವನಿಮುದ್ರಣ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ನುಡಿಸುವಾಗ ಕೋಣೆಯೆಲ್ಲ ತುಂಬಿಕೊಂಡ ನಾದ, ರೆಕಾರ್ಡ್ ಮಾಡಿ ಕೇಳಿದರೆ ತಗಡಿನ ಡಬ್ಬದೊಳಗಿನಿಂದ ಬಂದಂತಿರುತ್ತದೆ. ಮೈಸೂರಿನಲ್ಲಿ ಪಿಯಾನೊ ಕಲಿಸುವ ನನ್ನ ಬಳಿಗೆ ಮಕ್ಕಳ ತಂದೆತಾಯಿಯರು ಹೊತ್ತು ತರುವ ದೂರುಗಳಲ್ಲಿ ಇದೇ ಮೊದಲನೆಯದು. ಸಂಗೀತ ಪರೀಕ್ಷೆ ನಡೆಸುವ ಲಂಡನ್ನಿನ ಎಬಿಆರ್‌ಎಸ್‌ಎಂ ಸಂಸ್ಥೆ 2020ರಲ್ಲಿ ಪರ್ಫಾರ್ಮೆನ್ಸ್ ಗ್ರೇಡ್ ಪರೀಕ್ಷೆಗಳನ್ನು ಆರಂಭಿಸಿದ ಮೇಲೆ ಈ ದೂರು ಹೆಚ್ಚಾಯಿತು. ಆ ಪರೀಕ್ಷೆಯಲ್ಲಿ ವಿದ್ಯಾರ್ಥಿ ನಾಲ್ಕು ಕೃತಿಗಳನ್ನು ಒಂದೇ ಓಟದಲ್ಲಿ ನುಡಿಸಿ ವಿಡಿಯೊ ಕಳಿಸಬೇಕು. ನಡುವೆ ನಿಲ್ಲಿಸಿ ಮತ್ತೆ ಆರಂಭಿಸುವಂತಿಲ್ಲ, ಕತ್ತರಿಸಿ ಜೋಡಿಸುವಂತಿಲ್ಲ. ಅಂದರೆ ದೋಷವನ್ನು ಆಮೇಲೆ ತಿದ್ದಿಕೊಳ್ಳೋಣ ಎಂಬ ದಾರಿಯೇ ಮುಚ್ಚಿದೆ. ಅದು ಎಲ್ಲಿದೆ ಎಂದು ನುಡಿಸುವ ಮೊದಲೇ ಕಂಡುಹಿಡಿಯಬೇಕು.

ದೋಷ ಕೂತಿರುವ ಜಾಗ ಐದರಲ್ಲಿ ಒಂದಾಗಿರುತ್ತದೆ: ವಾದ್ಯ, ಕೋಣೆ, ಮೈಕ್, ವಯರು ಮತ್ತು ವಿದ್ಯುತ್ತು, ಕೊನೆಗೆ ಫೋನ್ ಅಥವಾ ಕಂಪ್ಯೂಟರ್. ಹೆಚ್ಚಿನವರು ಕೊನೆಯದರಿಂದ ಹುಡುಕಲು ತೊಡಗುತ್ತಾರೆ. ಹೊಸ ಆ್ಯಪ್ ಹಾಕಿಕೊಳ್ಳುತ್ತಾರೆ, ಹೊಸ ಮೈಕ್ ತರಿಸುತ್ತಾರೆ. ನನ್ನ ಅನುಭವದಲ್ಲಿ ಅರ್ಧಕ್ಕಿಂತ ಹೆಚ್ಚು ದೋಷಗಳು ಮೈಕಿಗೆ ಸದ್ದು ತಲುಪುವ ಮೊದಲೇ ಹುಟ್ಟಿರುತ್ತವೆ. ಅವುಗಳಿಗೆ ಕಾಸು ಬೇಕಿಲ್ಲ, ತಾಳ್ಮೆ ಬೇಕು. ಒಂದು ನಿಯಮವನ್ನು ಮಾತ್ರ ಬಿಡದೆ ಪಾಲಿಸಿ: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೈಕ್ ಸರಿಸಿ, ಫ್ಯಾನ್ ಆರಿಸಿ, ವಯರನ್ನೂ ಬದಲಿಸಿ ಆಮೇಲೆ ಕೇಳಿದರೆ ಯಾವುದರಿಂದ ಸರಿಹೋಯಿತು ಎಂಬುದು ತಿಳಿಯುವುದೇ ಇಲ್ಲ. ಅದೇ ದೋಷ ಮುಂದಿನ ವಾರ ಮರಳಿ ಬರುತ್ತದೆ.

ಮೊದಲು ಎರಡು ನಿಮಿಷದ ಪರೀಕ್ಷಾ ಮುದ್ರಣ

ಕೃತಿಯನ್ನು ನುಡಿಸಿ ಪರೀಕ್ಷೆ ಮಾಡಬೇಡಿ. ಕೃತಿ ನುಡಿಸುವಾಗ ಮನಸ್ಸು ಸಂಗೀತದ ಹಿಂದೆ ಹೋಗುತ್ತದೆ, ದೋಷ ಕಿವಿಗೆ ಬೀಳುವುದಿಲ್ಲ. ಅದರ ಬದಲು ಹೀಗೆ ಮಾಡಿ.

1. ಹದಿನೈದು ಸೆಕೆಂಡು ಏನನ್ನೂ ನುಡಿಸದೆ, ಅಲುಗಾಡದೆ ಕುಳಿತಿರಿ.
2. ನುಡಿಸದೆಯೇ ಬಲ ಪೆಡಲನ್ನು ನಾಲ್ಕೈದು ಸಲ ಒತ್ತಿ ಬಿಡಿ.
3. ಎಡತುದಿಯಿಂದ ಬಲತುದಿಯವರೆಗೆ ಪ್ರತಿಯೊಂದು ಕೀಯನ್ನೂ, ಕಪ್ಪು ಬಿಳಿ ಎರಡನ್ನೂ, ಒಂದೇ ಬಲದಿಂದ ಒಂದೊಂದಾಗಿ ನುಡಿಸಿ. 88 ಕೀಗಳಿಗೆ ಒಂದು ನಿಮಿಷ ಸಾಕು.
4. ಎರಡೂ ಕೈಗಳಿಂದ ನಿಮ್ಮ ಕೃತಿಯಲ್ಲಿ ಬರುವ ಅತಿ ಜೋರಿನ ಸ್ವರಗುಚ್ಛವನ್ನು ಬಾರಿಸಿ, ಪೆಡಲ್ ಒತ್ತಿ ಹಿಡಿದು, ಸದ್ದು ಪೂರ್ತಿ ಅಡಗುವವರೆಗೆ ಕಾಯಿರಿ.
5. ಅತಿ ಮೃದುವಾದ ಸಾಲೊಂದನ್ನು ನುಡಿಸಿ.

ಇದನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ. ಫೋನಿನ ಸ್ಪೀಕರಿನಲ್ಲಿ ಕೇಳಿದರೆ ಮಂದ್ರ ಸ್ವರಗಳ ಅರ್ಧ ಭಾಗ ಕೇಳಿಸುವುದೇ ಇಲ್ಲ. ಯಾವ ಭಾಗದಲ್ಲಿ ಏನು ಕೆಟ್ಟಿದೆ ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಮುಂದಿನದೆಲ್ಲ ಆ ಟಿಪ್ಪಣಿಯನ್ನು ಹಿಡಿದು ನಡೆಯುವ ಕೆಲಸ.

ಮೌನದ ಹದಿನೈದು ಸೆಕೆಂಡಿನಲ್ಲಿ ಗುಂಯ್ ಎನ್ನುತ್ತಿದೆ

ಮೊದಲು ಆ ಗುಂಯ್ ಸದ್ದಿನ ಶ್ರುತಿಯನ್ನು ಪಿಯಾನೊದಲ್ಲೇ ಹುಡುಕಿ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು, ಅಂದರೆ 50 ಹರ್ಟ್ಸ್. ಪಿಯಾನೊದ ಎಡತುದಿಯಿಂದ ಸಿಗುವ ಮೊದಲ ಜಿ ಸ್ವರ 49 ಹರ್ಟ್ಸ್, ಎರಡನೆಯ ಜಿ 98 ಹರ್ಟ್ಸ್. ಆದ್ದರಿಂದ ಗುಂಯ್ ಸದ್ದು ಈ ಎರಡರಲ್ಲಿ ಒಂದಕ್ಕೆ ಹೊಂದಿಕೊಂಡು, ಒಂದು ಎಳೆಯಷ್ಟು ಮೇಲೆ ನಿಂತಂತೆ ಕೇಳಿದರೆ ದೋಷ ವಿದ್ಯುತ್ತಿನದು. ಹೊಂದದಿದ್ದರೆ ಅದು ಫ್ರಿಜ್, ಪಕ್ಕದ ಮನೆಯ ಮೋಟಾರು ಅಥವಾ ಲ್ಯಾಪ್‌ಟಾಪಿನ ಪುಟ್ಟ ಫ್ಯಾನ್ ಆಗಿರಬಹುದು. ಅಂಥದ್ದು ಗಾಳಿಯಲ್ಲಿ ಬಂದ ಸದ್ದು, ವಯರಿನಲ್ಲಿ ಬಂದದ್ದಲ್ಲ.

ವಿದ್ಯುತ್ತಿನದೇ ಎಂದು ಖಚಿತವಾದರೆ ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು ಬ್ಯಾಟರಿಯಲ್ಲಿ ಓಡಿಸಿ ಮತ್ತೆ ಹದಿನೈದು ಸೆಕೆಂಡು ಮುದ್ರಿಸಿ. ಗುಂಯ್ ನಿಂತಿತೆ? ಹಾಗಾದರೆ ಚಾರ್ಜರು ಮತ್ತು ಡಿಜಿಟಲ್ ಪಿಯಾನೊ, ಅಥವಾ ಚಾರ್ಜರು ಮತ್ತು ಬೇರೆ ಉಪಕರಣ, ಎರಡು ಬೇರೆ ಪ್ಲಗ್ಗುಗಳ ಮೂಲಕ ಭೂಮಿಗೆ ಸೇರಿ ನಡುವೆ ಒಂದು ಸುತ್ತು ಕಟ್ಟಿಕೊಂಡಿವೆ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಇಲ್ಲದಿದ್ದರೆ ಮುದ್ರಣದ ಹೊತ್ತಿಗೆ ಬ್ಯಾಟರಿಯೇ ಸಾಕು, ಒಂದು ಪರೀಕ್ಷೆ ಮುಗಿಯುವಷ್ಟು ಚಾರ್ಜು ಇದ್ದೇ ಇರುತ್ತದೆ. ಗುಂಯ್ ನಿಲ್ಲಿಸಲು ಮೂರು ಪಿನ್ನಿನ ಪ್ಲಗ್ಗಿನ ದೊಡ್ಡ ಪಿನ್ನನ್ನು ಕಿತ್ತುಹಾಕುವ ಉಪಾಯವನ್ನು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಆ ಪಿನ್ನು ಇರುವುದು ಜೀವ ಉಳಿಸಲು. ವಾದ್ಯದ ಮುಂದೆ ಕೂರುವುದು ಮಗು.

ಚಾರ್ಜರು ಕಿತ್ತ ಮೇಲೂ ಸದ್ದು ಇದ್ದರೆ ಫ್ಯಾನಿನ ರೆಗ್ಯುಲೇಟರನ್ನು ನೋಡಿ. ಇದನ್ನು ನಾನು ಬಹಳ ತಡವಾಗಿ ಕಲಿತೆ. ಹಲವು ಎಲೆಕ್ಟ್ರಾನಿಕ್ ರೆಗ್ಯುಲೇಟರುಗಳು ಪ್ರತಿ ಆವರ್ತದಲ್ಲೂ ವಿದ್ಯುತ್ತನ್ನು ಕತ್ತರಿಸಿ ಕತ್ತರಿಸಿ ಕೊಡುವುದರಿಂದ ಒಂದು ಚೂಪಾದ ಜುಯ್ ಸದ್ದು ಮೈಕಿನ ವಯರಿಗೆ ಸೇರಿಕೊಳ್ಳುತ್ತದೆ. ಗುರುತು ಇಷ್ಟೇ: ಫ್ಯಾನ್ ನಡುವಿನ ವೇಗದಲ್ಲಿದ್ದಾಗ ಸದ್ದು ಹೆಚ್ಚು, ಪೂರ್ತಿ ವೇಗದಲ್ಲಿ ಕಡಿಮೆ, ಆರಿಸಿದರೆ ಇಲ್ಲ. ಬೆಳಕು ತಗ್ಗಿಸುವ ಡಿಮ್ಮರ್ ದೀಪಗಳದ್ದೂ ಇದೇ ಕಥೆ. ವಿದ್ಯುತ್ ಹೋಗಿ ಮನೆ ಇನ್ವರ್ಟರಿನಲ್ಲಿ ಓಡುತ್ತಿದ್ದರೆ ಇನ್ನೂ ಒಂದು ಬಗೆಯ ಒರಟು ಸದ್ದು ಬರುತ್ತದೆ. ಹಳೆಯ ಇನ್ವರ್ಟರುಗಳ ಅಲೆ ನುಣುಪಾಗಿರದೆ ಮೂಲೆಮೂಲೆಯಾಗಿರುವುದೇ ಅದಕ್ಕೆ ಕಾರಣ. ಕರೆಂಟು ಬರುವವರೆಗೆ ಕಾಯುವುದು ಒಳ್ಳೆಯದು.

ನಿಯತವಾಗಿ ಟಿಕಿಟಿಕಿ ಎನ್ನುವ ಸದ್ದು ಆಗಾಗ ಬಂದು ಹೋದರೆ ಮೈಕಿನ ವಯರಿನ ಪಕ್ಕದಲ್ಲಿ ಯಾರದೋ ಮೊಬೈಲ್ ಇದೆ. ಅದನ್ನು ಏರೋಪ್ಲೇನ್ ಮೋಡಿಗೆ ಹಾಕಿ. ನೀವು ಫೋನಿನಲ್ಲೇ ಮುದ್ರಿಸುತ್ತಿದ್ದರೂ ಹಾಗೇ ಮಾಡಿ, ನಾಲ್ಕನೇ ಕೃತಿಯ ಕೊನೆಯ ಸಾಲಿನಲ್ಲಿ ಕರೆ ಬಂದು ಎಲ್ಲ ಹಾಳಾದದ್ದನ್ನು ಕಂಡಿದ್ದೇನೆ.

ಶ್ರುತಿಯೇ ಇಲ್ಲದ, ಮಳೆ ದೂರದಲ್ಲಿ ಬರುತ್ತಿರುವಂಥ ಸ್ಸ್ ಸದ್ದು ಇದ್ದರೆ ಮೈಕ್ ಬಹಳ ದೂರದಲ್ಲಿದೆ ಮತ್ತು ಅದನ್ನು ಸರಿದೂಗಿಸಲು ನೀವು ಮೈಕಿನ ಸದ್ದನ್ನು ಹಿಗ್ಗಿಸುವ ಗೇನ್ ಗುಂಡಿಯನ್ನು ಬಹಳ ತಿರುಗಿಸಿದ್ದೀರಿ. ದೂರ ಇಮ್ಮಡಿಯಾದರೆ ವಾದ್ಯದಿಂದ ನೇರ ಬರುವ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಮೈಕನ್ನು ಹತ್ತಿರ ತಂದು ಗೇನ್ ಇಳಿಸಿ. ವೇದಿಕೆಯಲ್ಲಿ ಹಾಡುಗಾರರು ಕೈಯಲ್ಲಿ ಹಿಡಿಯುವ ಡೈನಾಮಿಕ್ ಮೈಕ್ ನಿಮ್ಮದಾಗಿದ್ದರೆ ಮೃದು ಪಿಯಾನೊಗೆ ಅದರ ಶಕ್ತಿ ಸಾಲದು, ಈ ಕೆಲಸಕ್ಕೆ 48 ವೋಲ್ಟ್ ಬೇಡುವ ಕಂಡೆನ್ಸರ್ ಮೈಕ್ ಹೊಂದುತ್ತದೆ.

ಕಂಪ್ಯೂಟರಿನಲ್ಲಿ ಸದ್ದು ತೆಗೆಯುವ ಉಪಕರಣಗಳಿವೆಯಲ್ಲ ಎಂದು ಕೇಳುತ್ತಾರೆ. ಇವೆ. ಆದರೆ ಪಿಯಾನೊ ಸ್ವರ ಹುಟ್ಟಿದ ಕ್ಷಣದಿಂದ ಅಡಗುತ್ತಲೇ ಹೋಗುವಂಥದ್ದು, ಅದರ ಕೊನೆಯ ಎಳೆ ಸ್ಸ್ ಸದ್ದಿನೊಳಗೇ ಬೆರೆತಿರುತ್ತದೆ. ಒಂದನ್ನು ತೆಗೆದರೆ ಇನ್ನೊಂದೂ ಹೋಗುತ್ತದೆ. ಉಳಿಯುವುದು ನೀರಿನೊಳಗೆ ನುಡಿಸಿದಂಥ ನಾದ. ನಾನಾದರೆ ಸಣ್ಣ ಸ್ಸ್ ಸದ್ದನ್ನು ಸಹಿಸಿಕೊಂಡು ಸ್ವರದ ಬಾಲವನ್ನು ಉಳಿಸಿಕೊಳ್ಳುತ್ತೇನೆ.

ಜೋರಿನ ಭಾಗದಲ್ಲಿ ಸದ್ದು ಬಿರಿಯುತ್ತದೆ

ಮುದ್ರಣದ ಅಲೆಯ ಚಿತ್ರವನ್ನು ತೆರೆದು ಹಿಗ್ಗಿಸಿ ನೋಡಿ. ಅಲೆಯ ನೆತ್ತಿ ಕತ್ತಿಯಿಂದ ಸವರಿದಂತೆ ಚಪ್ಪಟೆಯಾಗಿದ್ದರೆ ಅಲ್ಲಿ ದೋಷವಿದೆ. ಅದು ಎಷ್ಟು ಎತ್ತರದಲ್ಲಿ ಚಪ್ಪಟೆಯಾಗಿದೆ ಎಂಬುದೇ ಸುಳಿವು. ಮುದ್ರಣದ ಗರಿಷ್ಠ ಮಿತಿಯಾದ ಸೊನ್ನೆ ಡೆಸಿಬಲ್ ಗೆರೆಗೆ ತಾಗಿ ಚಪ್ಪಟೆಯಾಗಿದ್ದರೆ ಗೇನ್ ಹೆಚ್ಚಾಗಿದೆ. ಗೆರೆಗಿಂತ ಎಷ್ಟೋ ಕೆಳಗೇ ಚಪ್ಪಟೆಯಾಗಿದ್ದರೆ ಸದ್ದು ಅದಕ್ಕೂ ಮೊದಲೇ, ಮೈಕಿನೊಳಗೋ ಅದರ ಮುಂದಿನ ಆಂಪ್ಲಿಫೈಯರಿನಲ್ಲೋ ಬಿರಿದಿದೆ. ಆಗ ಕಂಪ್ಯೂಟರಿನ ಪರದೆಯ ಮೇಲೆ ಏನನ್ನು ಇಳಿಸಿದರೂ ಉಪಯೋಗವಿಲ್ಲ. ಮೈಕನ್ನು ಹಿಂದಕ್ಕೆ ಸರಿಸಬೇಕು, ಇಲ್ಲವೇ ಮೈಕಿನ ಮೇಲೆ ಸದ್ದು ತಗ್ಗಿಸುವ ಸ್ವಿಚ್ ಇದ್ದರೆ ಅದನ್ನು ಹಾಕಬೇಕು.

ಸದ್ದನ್ನು ಹೆಚ್ಚು ಸೂಕ್ಷ್ಮವಾಗಿ ಅಳೆದಿಡುವ 24 ಬಿಟ್‌ನಲ್ಲಿ ಮುದ್ರಿಸುತ್ತಿದ್ದರೆ ಅತಿ ಜೋರಿನ ಸ್ವರಗುಚ್ಛವೂ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿ ನಿಲ್ಲುವಂತೆ ಗೇನ್ ಇಡಿ. ಇಷ್ಟು ಕೆಳಗಿಟ್ಟರೆ ಗುಣಮಟ್ಟ ಹೋಗುತ್ತದೆ ಎಂಬ ಹೆದರಿಕೆ 16 ಬಿಟ್ ಕಾಲದ್ದು. ಮಕ್ಕಳು ಅಭ್ಯಾಸದಲ್ಲಿ ನುಡಿಸುವುದಕ್ಕಿಂತ ಕ್ಯಾಮೆರಾ ಮುಂದೆ ಜೋರಾಗಿ ನುಡಿಸುತ್ತಾರೆ. ಆ ಹುರುಪಿಗೆ ಜಾಗ ಬಿಟ್ಟಿರಬೇಕು. ಒಮ್ಮೆ ಸವರಿಹೋದ ನೆತ್ತಿಯನ್ನು ಪೂರ್ತಿಯಾಗಿ ಮರಳಿ ತರುವ ವಿದ್ಯೆ ಇಲ್ಲ.

ಸದ್ದು ಉಸಿರಾಡುವಂತೆ ಏರಿಳಿಯುತ್ತದೆ

ಫೋನಿನಲ್ಲಿ ಮುದ್ರಿಸುವವರ ದೋಷಗಳಲ್ಲಿ ಇದು ಅತ್ಯಂತ ಸಾಮಾನ್ಯ. ನನ್ನನ್ನು ಹೆಚ್ಚು ನೋಯಿಸುವುದೂ ಇದೇ. ಏಕೆಂದರೆ ಮಗು ತಿಂಗಳುಗಟ್ಟಲೆ ಕಲಿತ ಮೃದು ಮತ್ತು ಜೋರುಗಳ ವ್ಯತ್ಯಾಸವನ್ನು ಇದು ಅಳಿಸಿಹಾಕುತ್ತದೆ. ಮೃದುವಾಗಿ ನುಡಿಸಿದ್ದು ಜೋರಾಗಿ, ಜೋರಾಗಿ ನುಡಿಸಿದ್ದು ಸಪ್ಪೆಯಾಗಿ ಕೇಳುತ್ತದೆ. ಪರೀಕ್ಷಕರಿಗೆ ಮಗುವಿನ ಕೈ ಕಾಣುತ್ತದೆ, ಕೈಯ ಕೆಲಸ ಕೇಳುವುದಿಲ್ಲ.

ಪರೀಕ್ಷಾ ಮುದ್ರಣದ ನಾಲ್ಕನೇ ಭಾಗವನ್ನು ಕೇಳಿ. ಒತ್ತಿ ಹಿಡಿದ ಸ್ವರಗುಚ್ಛ ಸ್ವಾಭಾವಿಕವಾಗಿ ಒಂದೇ ಸಮನೆ ಇಳಿಯುತ್ತ ಹೋಗಬೇಕು. ಅದರ ಬದಲು ಇಳಿದು, ಮತ್ತೆ ಸ್ವಲ್ಪ ಉಬ್ಬಿ, ಜೊತೆಗೆ ಕೋಣೆಯ ಸದ್ದೂ ಮೇಲೆದ್ದು ಬಂದರೆ ಫೋನು ತಾನೇ ಗೇನನ್ನು ಏರಿಸುತ್ತಿದೆ. ಇನ್ನೊಂದು ರೂಪವೂ ಉಂಟು: ಸ್ವರ ಇಳಿಯುತ್ತ ಇದ್ದಕ್ಕಿದ್ದಂತೆ ಪರದೆ ಎಳೆದ ಹಾಗೆ ಮಾಯವಾಗುತ್ತದೆ. ಅದು ಮಾತನ್ನು ಉಳಿಸಿ ಉಳಿದದ್ದನ್ನು ಅಳಿಸುವ ಏರ್ಪಾಡು. ಅದರ ಲೆಕ್ಕದಲ್ಲಿ ಪಿಯಾನೊದ ಅಡಗುವ ಸ್ವರವೂ ಗದ್ದಲವೇ.

ಪರಿಹಾರ ಎಂದರೆ ಗೇನನ್ನು ನಾವೇ ನಿಗದಿಪಡಿಸಬಹುದಾದ ಮುದ್ರಣದ ಆ್ಯಪ್ ಬಳಸುವುದು ಮತ್ತು ಸೆಟ್ಟಿಂಗಿನಲ್ಲಿ ಧ್ವನಿ ಸುಧಾರಣೆ, ಗದ್ದಲ ನಿವಾರಣೆ ಎಂಬ ಹೆಸರಿನವು ಏನೇ ಇದ್ದರೂ ಆರಿಸುವುದು. ಕಡತ ಸದ್ದನ್ನು ಹಿಂಡದೆ ಇಡುವ ಡಬ್ಲ್ಯುಎವಿ ರೂಪದಲ್ಲಿರಲಿ. ಫೋನು ಇದಕ್ಕೆ ಒಪ್ಪದಿದ್ದರೆ ಫೋನಿಗೇ ಸಿಕ್ಕಿಸುವ ಯುಎಸ್‌ಬಿ ಮೈಕ್ ಒಂದನ್ನು ಎರವಲು ತಂದು ನೋಡಿ. ಝೂಮ್‌ನಲ್ಲಿ ಪಾಠ ಕೇಳುವವರೂ ಸಂಗೀತಗಾರರಿಗೆಂದೇ ಇರುವ ಮೂಲ ಧ್ವನಿಯ ಆಯ್ಕೆಯನ್ನು ಹಾಕಿಕೊಳ್ಳಬೇಕು. ಎಷ್ಟೋ ಮಕ್ಕಳು ಪೆಡಲ್ ಬಿಡುತ್ತಿದ್ದಾರೆ ಎಂದು ಗದರಿದ್ದೆ, ಕತ್ತರಿಸುತ್ತಿದ್ದದ್ದು ಯಂತ್ರವಾಗಿತ್ತು.

ಇನ್ನೊಂದು ಸಂಗತಿ. ನಿಮ್ಮ ಫೋನಿನಲ್ಲಿ ಚೆನ್ನಾಗಿದ್ದದ್ದು ನನ್ನ ಫೋನಿಗೆ ಬಂದಾಗ ಕೆಟ್ಟಿದ್ದರೆ ಮುದ್ರಣದಲ್ಲಿ ದೋಷವಿಲ್ಲ, ಕಳಿಸಿದ ದಾರಿಯಲ್ಲಿದೆ. ವಾಟ್ಸ್‌ಆ್ಯಪ್ ವಿಡಿಯೊವನ್ನು ಹಿಂಡಿ ಚಿಕ್ಕದು ಮಾಡಿ ಕಳಿಸುತ್ತದೆ. ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಇದ್ದದ್ದು ಇದ್ದಂತೆ ತಲುಪುತ್ತದೆ.

ಬಚ್ಚಲಿನಲ್ಲಿ ನುಡಿಸಿದಂತೆ, ಅಥವಾ ಗೋಡೆಯಾಚೆಯಿಂದ ಬಂದಂತೆ ಕೇಳುತ್ತದೆ

ನಮ್ಮ ಮನೆಗಳ ಕೋಣೆಗಳಲ್ಲಿ ನೆಲಕ್ಕೆ ಗ್ರಾನೈಟ್ ಅಥವಾ ಟೈಲ್ಸ್, ಗೋಡೆಗೆ ಸಿಮೆಂಟ್, ಮೇಲೆ ಕಾಂಕ್ರೀಟ್. ಸದ್ದನ್ನು ಹೀರಿಕೊಳ್ಳುವ ವಸ್ತು ಒಂದೂ ಇಲ್ಲ. ಪಿಯಾನೊ ಇರುವಲ್ಲಿ ನಿಂತು ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ಹೊಡೆಯಿರಿ. ಟರ್‌ರ್ ಎಂದು ಹಿಂಬಾಲಿಸುವ ಸದ್ದು ಕೇಳಿದರೆ ಎದುರುಬದುರು ಗೋಡೆಗಳ ನಡುವೆ ಧ್ವನಿ ಚೆಂಡಿನಂತೆ ಪುಟಿಯುತ್ತಿದೆ ಎಂದರ್ಥ. ನೆಲಕ್ಕೆ ದಪ್ಪ ಜಮಖಾನ ಹಾಸಿ, ಎದುರಿನ ಗೋಡೆಗೆ ಹತ್ತಿಯ ಹಾಸಿಗೆಯೊಂದನ್ನು ನಿಲ್ಲಿಸಿ, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟು ಮತ್ತೆ ಚಪ್ಪಾಳೆ ಹೊಡೆಯಿರಿ. ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವ ಸಲಹೆ ಇನ್ನೂ ಓಡಾಡುತ್ತಿದೆ. ಆ ತೆಳು ರಟ್ಟು ಪಿಯಾನೊದ ಸದ್ದಿನಲ್ಲಿ ಬಹುಪಾಲನ್ನು ಮುಟ್ಟುವುದೂ ಇಲ್ಲ.

ಮಂದ್ರದ ದೋಷವೇ ಬೇರೆ. ಪರೀಕ್ಷಾ ಮುದ್ರಣದ ಮೂರನೇ ಭಾಗದಲ್ಲಿ ಎಡಗಡೆಯ ಒಂದೆರಡು ಕೀಗಳು ಮಾತ್ರ ಢಂ ಎಂದು ಉಬ್ಬಿ ಕೇಳಿದರೆ ಕೋಣೆಯ ಅಳತೆಯೇ ಅದಕ್ಕೆ ಕಾರಣ. ಹತ್ತು ಅಡಿ ಅಗಲದ ಕೋಣೆ ಸುಮಾರು 56 ಹರ್ಟ್ಸ್‌ನಲ್ಲಿ ತಾನೇ ಅನುರಣಿಸುತ್ತದೆ. ಛಾವಣಿಯೂ ಹತ್ತು ಅಡಿ ಎತ್ತರದಲ್ಲಿದ್ದರೆ ಅದೇ ಸ್ವರಕ್ಕೆ ಇನ್ನೊಂದು ಬಲ ಸೇರುತ್ತದೆ. ಪಿಯಾನೊದಲ್ಲಿ ಎಡದಿಂದ ಎರಡನೇ ಎ ಸ್ವರ 55 ಹರ್ಟ್ಸ್. ಹಾಗಾಗಿ ಇಂಥ ಕೋಣೆಯಲ್ಲಿ ಆ ಸ್ವರ ಮತ್ತು ಅದರ ಮೇಲಿನ ಕಪ್ಪು ಕೀ ನೆರೆಯವುಗಳನ್ನು ನುಂಗಿಬಿಡುತ್ತವೆ. ಇಲ್ಲಿ ಈಕ್ವಲೈಸರ್ ಗುಂಡಿ ತಿರುಗಿಸುವ ಬದಲು ಮೈಕನ್ನು ಗೋಡೆಯಿಂದ, ಅದರಲ್ಲೂ ಮೂಲೆಯಿಂದ ದೂರಕ್ಕೆ ತನ್ನಿ. ಉಬ್ಬು ಅತಿ ಹೆಚ್ಚಾಗಿರುವುದು ಗೋಡೆಯ ಹತ್ತಿರವೇ. ಒಂದಡಿ ಸರಿಸಿದರೂ ಫಲ ಕಾಣುತ್ತದೆ.

ಗೋಡೆಗೆ ಒತ್ತಿ ನಿಲ್ಲಿಸಿದ ಅಪ್‌ರೈಟ್ ಪಿಯಾನೊ ಮಂಕಾಗಿ ಕೇಳುವುದು ಸಹಜ. ಅದರ ನಾದ ಹೊಮ್ಮುವ ಸೌಂಡ್‌ಬೋರ್ಡ್ ಇರುವುದು ಬೆನ್ನಿನಲ್ಲಿ, ನಾವು ಬೆನ್ನನ್ನೇ ಗೋಡೆಗೆ ಮುಚ್ಚಿರುತ್ತೇವೆ. ಒಂದರಿಂದ ಒಂದೂವರೆ ಅಡಿ ಮುಂದಕ್ಕೆ ಎಳೆದು ಸ್ವಲ್ಪ ಓರೆಯಾಗಿ ನಿಲ್ಲಿಸಿ, ಮೇಲಿನ ಮುಚ್ಚಳ ತೆರೆಯಿರಿ. ಎಳೆಯಲು ಇಬ್ಬರು ದೊಡ್ಡವರು ಬೇಕು, ಅಪ್‌ರೈಟ್ ಹಿಂದಕ್ಕೆ ವಾಲಿದರೆ ಅಪಾಯ.

ಮೈಕ್ ಎಲ್ಲಿಡಬೇಕು ಎಂಬುದಕ್ಕೆ ನನ್ನ ಉತ್ತರ ಹಳೆಯದು. ಬೇರೆಯವರು ನುಡಿಸುತ್ತಿರಲಿ, ನೀವು ಒಂದು ಕಿವಿ ಮುಚ್ಚಿಕೊಂಡು ತಲೆಯನ್ನು ನಿಧಾನವಾಗಿ ಆಚೀಚೆ, ಮೇಲೆ ಕೆಳಗೆ ಸರಿಸುತ್ತ ಹೋಗಿ. ಒಂದು ಜಾಗದಲ್ಲಿ ಮಂದ್ರ ತಾರಗಳೆರಡೂ ಸಮನಾಗಿ ಬಂದು ನಿಲ್ಲುತ್ತವೆ. ಮೈಕಿನ ಜಾಗ ಅದೇ. ಅಪ್‌ರೈಟಿಗೆ ಅದು ಬಹಳ ಸಲ ನುಡಿಸುವವರ ಬಲ ಭುಜದ ಹಿಂದೆ, ತಲೆಯ ಎತ್ತರದಲ್ಲಿ, ಮೂರರಿಂದ ಐದು ಅಡಿ ದೂರದಲ್ಲಿ ಸಿಗುತ್ತದೆ. ತೆರೆದ ಮುಚ್ಚಳದ ಮೇಲೆ ಒಂದಡಿಯಲ್ಲಿಟ್ಟರೆ ಸ್ಪಷ್ಟತೆ ಹೆಚ್ಚು, ಆದರೆ ತಂತಿಗೆ ಬಡಿಯುವ ಹ್ಯಾಮರುಗಳ ಟಕಟಕವೂ ಹೆಚ್ಚು. ಬೆನ್ನ ಹಿಂದೆ ಇಟ್ಟರೆ ನಾದ ತುಂಬಿರುತ್ತದೆ, ಅಂಚು ಮಂಕು.

ಎಲ್ಲ ಸರಿಯಿದ್ದೂ ಸದ್ದು ದೂರದಿಂದ ಬಂದಂತಿದ್ದರೆ ಮೈಕನ್ನೇ ತಿರುಗಿಸಿ ನೋಡಿ. ದಪ್ಪನೆಯ ಕಂಡೆನ್ಸರ್ ಮೈಕುಗಳಲ್ಲಿ ಹಲವು ತುದಿಯಿಂದ ಕೇಳುವುದಿಲ್ಲ, ಪಕ್ಕದಿಂದ ಕೇಳುತ್ತವೆ, ಅದೂ ಒಂದೇ ಪಕ್ಕದಿಂದ. ಸಾಮಾನ್ಯವಾಗಿ ಕಂಪನಿಯ ಗುರುತು ಇರುವ ಮುಖವೇ ಮುಂಭಾಗ. ಬೆನ್ನು ತೋರಿಸಿ ನಿಂತ ಮೈಕು ಕೋಣೆಯನ್ನು ಕೇಳುತ್ತದೆ, ಪಿಯಾನೊವನ್ನಲ್ಲ.

ಒಂದೇ ಸ್ವರಕ್ಕೆ ಝಿಲ್ ಎನ್ನುತ್ತದೆ

ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿ ನಡುಭಾಗದ ಒಂದು ಸ್ವರ ನುಡಿಸಿದಾಗಲೆಲ್ಲ ಗೆಜ್ಜೆಯ ಸದ್ದು ಬರುತ್ತಿತ್ತು. ತಂತಿ ಕೆಟ್ಟಿದೆ ಎಂದು ಶ್ರುತಿ ಸರಿಪಡಿಸುವ ಟ್ಯೂನರನ್ನು ಕರೆಸಿದರು, ಅವರು ಬಂದ ದಿನ ಸದ್ದಿಲ್ಲ. ಮೈಕ್ ಬದಲಿಸಿದರು, ಸದ್ದು ಹೋಗಲಿಲ್ಲ. ನಾನು ಹೋದಾಗ ಅವಳ ಅಜ್ಜಿಗೆ ಕೇಳಿಕೊಂಡೆ: ನಾನು ಈ ಸ್ವರವನ್ನೇ ಬಾರಿಸುತ್ತಿರುತ್ತೇನೆ, ನೀವು ಕೋಣೆಯಲ್ಲಿರುವ ಒಂದೊಂದು ವಸ್ತುವಿನ ಮೇಲೂ ಅಂಗೈ ಇಡುತ್ತ ಬನ್ನಿ. ಗಡಿಯಾರ, ಕಿಟಕಿಯ ಗಾಜು, ದೇವರ ಪಟಗಳು. ಶೋಕೇಸಿನ ಜಾರುವ ಗಾಜಿನ ಮೇಲೆ ಅವರು ಕೈಯಿಟ್ಟ ಕ್ಷಣ ಸದ್ದು ನಿಂತಿತು. ಟ್ಯೂನರು ಬಂದ ದಿನ ಶೋಕೇಸ್ ಒರೆಸಲೆಂದು ಆ ಗಾಜನ್ನು ತೆಗೆದಿದ್ದರಂತೆ. ಮಡಿಸಿದ ಕಾಗದದ ಎರಡು ತುಂಡು ಸಂದಿಗೆ ತುರುಕಿದೆವು.

ಇದಕ್ಕಿಂತ ಒಳ್ಳೆಯ ವಿಧಾನ ನನಗೆ ಗೊತ್ತಿಲ್ಲ. ಒಬ್ಬರು ಬಾರಿಸಬೇಕು, ಇನ್ನೊಬ್ಬರು ಮುಟ್ಟುತ್ತ ಬರಬೇಕು. ಪಿಯಾನೊ ಮೇಲೆ ಇಟ್ಟ ಫೋಟೊ ಚೌಕಟ್ಟು, ಹೂದಾನಿ, ಮೆಟ್ರೋನೋಮ್ ಎಲ್ಲವನ್ನೂ ಮೊದಲೇ ಇಳಿಸಿಬಿಡಿ. ಏನನ್ನು ಮುಟ್ಟಿದರೂ ನಿಲ್ಲದೆ, ಪಿಯಾನೊದೊಳಗಿನಿಂದಲೇ ಬರುತ್ತಿದ್ದರೆ ಬಿದ್ದ ನಾಣ್ಯವನ್ನೋ ಪೆನ್ಸಿಲನ್ನೋ ಹುಡುಕಿ. ಅದೂ ಇಲ್ಲದಿದ್ದರೆ ಸಡಿಲವಾದ ತಿರುಪು ಅಥವಾ ಸೌಂಡ್‌ಬೋರ್ಡಿನ ಬಿರುಕು ಇರಬಹುದು, ಅದು ಟ್ಯೂನರ ಕೆಲಸ. ಪೆಡಲ್ ಕಿರುಗುಟ್ಟಿದರೂ ಅಡುಗೆ ಎಣ್ಣೆ ಹಾಕಬೇಡಿ, ಧೂಳು ಕಟ್ಟಿ ಇನ್ನೂ ಕೆಡುತ್ತದೆ. ಕೂರುವ ಬೆಂಚಿನ ತಿರುಪುಗಳನ್ನು ಬಿಗಿಮಾಡಿ. ನುಡಿಸುವವರ ಉಗುರು ಕೀಗೆ ತಾಗುವ ಸದ್ದೂ ಮೈಕಿಗೆ ಚೆನ್ನಾಗಿ ಕೇಳುತ್ತದೆ, ಬಳೆಗಳದ್ದೂ.

ಎರಡು ಮೈಕ್ ಇಟ್ಟ ಮೇಲೆ ನಾದ ಟೊಳ್ಳಾಯಿತು

ಒಂದು ಮೈಕಿನಲ್ಲಿ ಚೆನ್ನಾಗಿದ್ದು ಎರಡಿಟ್ಟಾಗ ತೆಳುವಾದರೆ, ಒಂದೇ ಸದ್ದು ಎರಡು ಮೈಕುಗಳಿಗೆ ಬೇರೆ ಬೇರೆ ಹೊತ್ತಿಗೆ ತಲುಪಿ ಒಂದನ್ನೊಂದು ಅಳಿಸುತ್ತಿದೆ. ಧ್ವನಿ ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ, ಅಷ್ಟು ಅಂತರ ಸಾಕು. ಎರಡೂ ಚಾನೆಲುಗಳನ್ನು ಒಂದರಲ್ಲೇ ಬೆರೆಸಿ, ಅಂದರೆ ಮಾನೊ ಮಾಡಿ, ಕೇಳಿ. ಆಗ ಮಂದ್ರ ಮಾಯವಾದರೆ ದೋಷ ಖಚಿತ. ಈಗ ಒಂದು ಚಾನೆಲಿನ ಪೊಲಾರಿಟಿಯನ್ನು, ಅಂದರೆ ಅಲೆಯ ಮೇಲು ಕೆಳಗನ್ನು, ತಿರುವುಮುರುವು ಮಾಡಿ. ಮಂದ್ರ ಒಮ್ಮೆಲೇ ತುಂಬಿಕೊಂಡರೆ ಯಾವುದೋ ಒಂದು ವಯರಿನಲ್ಲಿ ಜೋಡಣೆ ಅದಲುಬದಲಾಗಿದೆ. ಹೆಚ್ಚು ಬದಲಾಗದಿದ್ದರೆ ಮೈಕುಗಳ ಜಾಗ ತಪ್ಪು.

ಎರಡು ದಾರಿಗಳಿವೆ. ದೂರ ದೂರ ಇಡುವುದಾದರೆ, ಮೈಕಿಗೂ ವಾದ್ಯಕ್ಕೂ ಇರುವ ದೂರದ ಮೂರರಷ್ಟು ಅಂತರ ಎರಡು ಮೈಕುಗಳ ನಡುವೆ ಇರಲಿ. ಹತ್ತಿರ ಇಡುವುದಾದರೆ ಫ್ರಾನ್ಸಿನ ರೇಡಿಯೊದವರು ಬಳಕೆಗೆ ತಂದ ಒಆರ್‌ಟಿಎಫ್ ಕ್ರಮ ನನಗೆ ಇಷ್ಟ: ನಡುವೆ 17 ಸೆಂಟಿಮೀಟರ್, ಹೊರಮುಖವಾಗಿ 110 ಡಿಗ್ರಿ ಕೋನ. ಸಣ್ಣ ಕೋಣೆಯಲ್ಲಿ ಮೊದಲನೆಯದು ಕಷ್ಟ. ಫೋನಿನ ಸ್ಪೀಕರಿನಲ್ಲೇ ಕೇಳುವವರು ಹೆಚ್ಚು, ಆದ್ದರಿಂದ ಮಾನೊ ಪರೀಕ್ಷೆಯನ್ನು ಯಾವಾಗಲೂ ಮಾಡಿ. ಮನಸ್ಸು ಒಪ್ಪದಿದ್ದರೆ ಒಂದೇ ಮೈಕಿಗೆ ಮರಳಿ. ಒಳ್ಳೆಯ ಜಾಗದಲ್ಲಿಟ್ಟ ಒಂದು ಮೈಕು ತಪ್ಪು ಜಾಗದ ಎರಡಕ್ಕಿಂತ ಮೇಲು.

ಡಿಜಿಟಲ್ ಪಿಯಾನೊದ ದೋಷಗಳು

ಇಲ್ಲಿ ಕೋಣೆ ಇಲ್ಲ, ಮೈಕ್ ಇಲ್ಲ, ಹಾಗಾಗಿ ಹುಡುಕುವುದು ಸುಲಭ. ಯುಎಸ್‌ಬಿ ವಯರು ಹಾಕಿದೆ, ಪರದೆಯ ಮೇಲೆ ಸ್ವರಗಳು ಮೂಡುತ್ತವೆ, ಆದರೆ ಸದ್ದಿಲ್ಲ ಎಂದರೆ ಹೋಗುತ್ತಿರುವುದು ಮಿಡಿ. ಅದು ಯಾವ ಕೀ, ಎಷ್ಟು ಬಲದಿಂದ, ಎಷ್ಟು ಹೊತ್ತು ಎಂಬ ಬರೀ ಲೆಕ್ಕ, ನಾದವಲ್ಲ. ಧ್ವನಿಯನ್ನೂ ಯುಎಸ್‌ಬಿಯಲ್ಲೇ ಕಳಿಸುವ ಪಿಯಾನೊಗಳಿವೆ, ನಿಮ್ಮದು ಅಂಥದ್ದಲ್ಲದಿದ್ದರೆ ಲೈನ್ ಔಟ್ ಅಥವಾ ಹೆಡ್‌ಫೋನ್ ತೂತಿನಿಂದ ಆಡಿಯೊ ವಯರು ಎಳೆಯಬೇಕು.

ಹಾಗೆ ಎಳೆದ ಮೇಲೆ ಸದ್ದು ಟೊಳ್ಳಾಗಿ, ನಡುವೆ ತೂತು ಬಿದ್ದಂತೆ ಕೇಳಿದರೆ ವಯರನ್ನು ನೋಡಿ. ಹೆಡ್‌ಫೋನ್ ತೂತಿನಿಂದ ಬರುವುದು ಎಡ ಮತ್ತು ಬಲ. ಅದನ್ನು ಕಂಪ್ಯೂಟರಿಗೆ ಸದ್ದು ಸೇರಿಸುವ ಪೆಟ್ಟಿಗೆಯಾದ ಆಡಿಯೊ ಇಂಟರ್‌ಫೇಸಿನ ಒಂದೇ ಬ್ಯಾಲೆನ್ಸ್ಡ್ ತೂತಿಗೆ ಹಾಕಿದರೆ ಅದು ಎಡದಿಂದ ಬಲವನ್ನು ಕಳೆದು ಉಳಿದದ್ದನ್ನು ಮಾತ್ರ ಕೊಡುತ್ತದೆ. ಎರಡರಲ್ಲೂ ಸಮಾನವಾಗಿದ್ದ ನಾದವೆಲ್ಲ ಸೊನ್ನೆಯಾಗುತ್ತದೆ. ಒಂದು ಕಡೆ ಸ್ಟೀರಿಯೊ ಪಿನ್ನು, ಇನ್ನೊಂದು ಕಡೆ ಎರಡು ಮಾನೊ ಪಿನ್ನುಗಳಿರುವ ಕವಲು ವಯರು ತಂದರೆ ಮುಗಿಯಿತು.

ಪ್ರತಿ ಸ್ವರವೂ ಎರಡೆರಡು ಸಲ ಕೇಳಿದರೆ ಪಿಯಾನೊದ ಸ್ವಂತ ಧ್ವನಿ ಮತ್ತು ಕಂಪ್ಯೂಟರ್ ಮರಳಿ ಕಳಿಸುವ ಧ್ವನಿ ಎರಡೂ ಕೂಡಿವೆ, ಒಂದನ್ನು ನಿಲ್ಲಿಸಿ. ಮುದ್ರಣ ಮೂಲಕ್ಕಿಂತ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರಿ ಸ್ವಲ್ಪ ವೇಗವಾಗಿಯೂ ಓಡುತ್ತಿದ್ದರೆ ಸ್ಯಾಂಪಲ್ ದರ, ಅಂದರೆ ಅಲೆಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯಬೇಕೆಂಬ ಲೆಕ್ಕ, ಹೊಂದಿಲ್ಲ: 44.1 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿದ್ದನ್ನು 48ರಲ್ಲಿ ನುಡಿಸುತ್ತಿದ್ದೀರಿ. ಕೆಳಗಿಳಿದಿದ್ದರೆ ತದ್ವಿರುದ್ಧ. ಎಲ್ಲ ಕಡೆ ಒಂದೇ ಸಂಖ್ಯೆ ಇಡಿ.

ನಡುನಡುವೆ ಚಿಟ್ ಚಿಟ್

ಇದು ಕಂಪ್ಯೂಟರು ಸದ್ದನ್ನು ಕ್ಷಣಹೊತ್ತು ಕೂಡಿಟ್ಟುಕೊಳ್ಳುವ ಜಾಗ, ಅಂದರೆ ಬಫರ್, ಸಣ್ಣದಾದದ್ದರಿಂದ. ಮೈಕಿನಿಂದ ನಿಜವಾದ ಪಿಯಾನೊ ಮುದ್ರಿಸುವಾಗ ನೀವು ಕೇಳುವುದು ವಾದ್ಯವನ್ನೇ, ಕಂಪ್ಯೂಟರನ್ನಲ್ಲ. ಆದ್ದರಿಂದ ಬಫರನ್ನು ಧೈರ್ಯವಾಗಿ 1024ಕ್ಕೆ ಏರಿಸಿ, ತಡವಾದರೆ ನಷ್ಟವಿಲ್ಲ. ಡಿಜಿಟಲ್ ಪಿಯಾನೊದಿಂದ ಕಂಪ್ಯೂಟರಿನ ಧ್ವನಿಯನ್ನು ನುಡಿಸುವವರು ಮಾತ್ರ 128 ಅಥವಾ 256ರಲ್ಲಿ ಇರಬೇಕಾಗುತ್ತದೆ. ಬ್ರೌಸರ್ ಮುಚ್ಚಿ, ಯುಎಸ್‌ಬಿ ಹಬ್ ಬಿಟ್ಟು ನೇರ ಸಿಕ್ಕಿಸಿ.

ಸ್ವರ ಅಲೆಯಲೆಯಾಗಿ ನಡುಗುತ್ತದೆ

ಕೆಲವು ಸ್ವರಗಳು ಮಾತ್ರ ವ್ಞಾಂ ವ್ಞಾಂ ಎಂದು ಅಲೆದಾಡಿದರೆ ಯಾವ ಯಂತ್ರವನ್ನೂ ದೂರಬೇಡಿ, ಪಿಯಾನೊ ಶ್ರುತಿ ತಪ್ಪಿದೆ. ನಡುಭಾಗ ಮತ್ತು ಬಲಭಾಗದ ಪ್ರತಿ ಸ್ವರಕ್ಕೂ ಮೂರು ತಂತಿಗಳಿವೆ. ಅವುಗಳಲ್ಲಿ ಒಂದು ಕೂದಲೆಳೆಯಷ್ಟು ಜಾರಿದರೂ ಉಳಿದೆರಡರ ಜೊತೆ ಜಗಳವಾಡುತ್ತದೆ. ದಿನವೂ ನುಡಿಸುವವರ ಕಿವಿ ಇದಕ್ಕೆ ಒಗ್ಗಿಹೋಗಿರುತ್ತದೆ, ಮುದ್ರಣ ಅದನ್ನು ಎತ್ತಿ ತೋರಿಸುತ್ತದೆ. ಮಳೆಗಾಲದಲ್ಲಿ ಸೌಂಡ್‌ಬೋರ್ಡಿನ ಮರ ತೇವ ಹೀರಿ ಉಬ್ಬಿ ತಂತಿಗಳನ್ನು ಬಿಗಿಗೊಳಿಸುತ್ತದೆ, ನಡುಭಾಗದ ಸ್ವರಗಳು ಎಲ್ಲಕ್ಕಿಂತ ಹೆಚ್ಚು ಮೇಲೇರುತ್ತವೆ. ಬೇಸಿಗೆಯಲ್ಲಿ ಇಳಿಯುತ್ತವೆ. ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ತೇವ ಮೈಸೂರಿಗಿಂತ ಹೆಚ್ಚು, ಕೀಗಳು ಕಚ್ಚಿಕೊಳ್ಳುವುದೂ ಉಂಟು. ಜೂನ್‌ನಲ್ಲಿ ಮುದ್ರಣ ಮಾಡಬೇಕಿದ್ದರೆ ಮಾರ್ಚ್‌ನಲ್ಲಿ ಮಾಡಿಸಿದ ಶ್ರುತಿಯನ್ನು ನಂಬಬೇಡಿ. ಮುದ್ರಣಕ್ಕೆ ಎರಡು ಮೂರು ದಿನ ಮೊದಲು ಟ್ಯೂನರನ್ನು ಕರೆಸಿ. ಕಂಪ್ಯೂಟರಿನಲ್ಲಿ ಶ್ರುತಿ ತಿದ್ದುವ ಉಪಕರಣಗಳು ಒಂಟಿ ಕಂಠಕ್ಕೆ ಮಾಡಿದವು. ಒಂದರ ಮೇಲೊಂದು ಹತ್ತು ಸ್ವರ ಮೊಳಗುವ ಪಿಯಾನೊದ ಮುಂದೆ ಅವು ಸೋಲುತ್ತವೆ.

ಹೊರಗಿನ ಸದ್ದು

ಇದಕ್ಕೆ ಉಪಕರಣದಲ್ಲಿ ಪರಿಹಾರವಿಲ್ಲ. ಕಿಟಕಿ ಬಾಗಿಲುಗಳ ಸಂದಿಗೆ ಮಡಿಸಿದ ಟವೆಲ್ ತುರುಕಿದರೆ ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಒಂದು ವಾರ ಮೌನದ ಹದಿನೈದು ಸೆಕೆಂಡನ್ನು ಬೇರೆ ಬೇರೆ ಹೊತ್ತಿನಲ್ಲಿ ಮುದ್ರಿಸಿ, ಪಕ್ಕದಲ್ಲಿ ಗಂಟೆ ಬರೆದಿಡಿ. ಕುಕ್ಕರಿನ ಸೀಟಿ, ತರಕಾರಿ ಗಾಡಿಯ ಸ್ಪೀಕರು, ನೀರಿನ ಮೋಟಾರು, ಶಾಲೆಯ ವ್ಯಾನು, ಎಲ್ಲಕ್ಕೂ ಅದರದರ ಹೊತ್ತಿದೆ. ನಡುವೆ ಬಿಡುವೂ ಇದೆ. ನಮ್ಮ ಬೀದಿಯಲ್ಲಿ ಅದು ಮಧ್ಯಾಹ್ನ ಎರಡೂವರೆಯಿಂದ ಮೂರೂಮುಕ್ಕಾಲು. ನನ್ನ ವಿದ್ಯಾರ್ಥಿಗಳೆಲ್ಲ ಆ ಹೊತ್ತಿಗೇ ಬಂದು ಮುದ್ರಿಸಿಕೊಂಡು ಹೋಗುತ್ತಾರೆ.